ಪಂಚೆಯ ಗಾಳಿ

ನನಗೆ ಕೂರಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮದುವೆಯ ಪಂಕ್ತಿಯಲ್ಲಿ ಪಾಯಸ ಬರುವ ಮೊದಲೇ ಎದ್ದು ಕೈ ತೊಳೆದು ಬೈಸಿಕೊಂಡವನು ನಾನು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ವೇಣೂರು ದಾಟುವಷ್ಟರಲ್ಲಿ ಎದ್ದು ಬಾಗಿಲ ಬಳಿ ನಿಂತಿರುತ್ತೇನೆ. ದಕ್ಷನ ಶಾಪದಿಂದಾಗಿ ನಾರದನಿಗೆ ಒಂದು ಕಡೆ ನೆಲೆ ನಿಲ್ಲಲು ಆಗಲಿಲ್ಲವಂತೆ. ಅವನಿಗಾದರೂ ತಿರುಗಲು ಮೂರು ಲೋಕ ಉಂಟು. ನನಗಿರುವುದು ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಜನ ಎಂದು ಹೆಂಡತಿ ಸರೋಜ ನನ್ನನ್ನು ಬಂದವರಿಗೆಲ್ಲ ಪರಿಚಯಿಸುತ್ತಾಳೆ.

ನಿವೃತ್ತಿಯಾದ ಮೇಲೆ ಈ ರೋಗ ಜೋರಾಯಿತು. ಲಾಯಿಲದ ಹತ್ತಿರದ ಐಟಿಐಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಮರಗೆಲಸ ಕಲಿಸಿದವನು, ಮನೆಯಲ್ಲಿ ಗಟ್ಟಿಯಾಗಿದ್ದ ಕುರ್ಚಿಗಳ ಕಾಲನ್ನೆಲ್ಲ ಬಿಚ್ಚಿ ಪುನಃ ಜೋಡಿಸುತ್ತಿದ್ದೆ. ಆಗ ಐವನ್ ಫೋನ್ ಮಾಡಿದ. ನನ್ನದೇ ಶಿಷ್ಯ, ಈಗ ನನ್ನ ಜಾಗದಲ್ಲಿ ಮಾಸ್ತರು. ಮಕ್ಕಳು ಕ್ಲಾಸು ಬಿಟ್ಟ ಮೇಲೆ ತಾವಾಗಿಯೇ ನಿಂತು ಹಳೇ ಕಾಲದ ಒಂದು ವಿಮಾನ ಕಟ್ಟುತ್ತಿದ್ದಾರೆ ಎಂದ. ಒಂದರ ಮೇಲೊಂದು ರೆಕ್ಕೆ ಇರುತ್ತಿತ್ತಲ್ಲ, ಮರ, ಬಟ್ಟೆ, ತಂತಿಯದ್ದು, ಅದರ ಪ್ರತಿಕೃತಿ. ಹಾರುವುದಿಲ್ಲ, ಅಂಗಳದಲ್ಲಿ ನಿಲ್ಲಿಸಲಿಕ್ಕೆ. ಮುಂದಿನ ಪ್ರೊಪೆಲ್ಲರ್ ಮಾತ್ರ ಹಳೇ ಗ್ರೈಂಡರಿನ ಮೋಟರಿನಲ್ಲಿ ತಿರುಗಬೇಕು. ಅದನ್ನು ನೀವು ಕೆತ್ತಿ ಕೊಟ್ಟರೆ ಚಂದ ಎಂದ. ನನ್ನ ಕೈ ಬೇಕು ಎಂದು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು! ಕಣ್ಣಲ್ಲಿ ನೀರು ಬಂತು. ಮರುದಿನ ಮೊದಲ ಬಸ್ಸಿಗೇ ಹೊರಟೆ.

ಮರ ನಾನೇ ಕೊಟ್ಟೆ. ಬಂಟ್ವಾಳ ಪೇಟೆಯಲ್ಲಿ ಅಪ್ಪನ ಜವಳಿ ಅಂಗಡಿ ಇತ್ತು. ಬೆಳಿಗ್ಗೆ ಒಂದೊಂದೇ ತೆಗೆದು, ಸಂಜೆ ಒಂದೊಂದೇ ಜೋಡಿಸುವ ಹಲಗೆ ಬಾಗಿಲು. ಅದರಲ್ಲಿ ಉಳಿದದ್ದು ಐದು ಹಲಸಿನ ಹಲಗೆ. ಎಷ್ಟೋ ನೆರೆಯ ನೀರು ಕುಡಿದು, ಒಣಗಿ, ಇನ್ನು ಸೊಟ್ಟಗಾಗಲು ಅವಕ್ಕೂ ಬೇಜಾರು. ಆ ಹಲಗೆಗಳ ಹಿಂದೆ ಅಪ್ಪ ನಲವತ್ತು ವರ್ಷ ಒಂದೇ ಗಾದಿಯ ಮೇಲೆ ಕೂತಿದ್ದರು. ನನಗೆ ಬಂದದ್ದು ಹಲಗೆ ಮಾತ್ರ, ಕೂರುವ ವಿದ್ಯೆ ಬರಲಿಲ್ಲ. ಐದನ್ನೂ ಅಂಟಿಸಿ ಕೆತ್ತಿದೆವು. ಕೆಟ್ಟರೆ ಬೇರೆ ಇಲ್ಲ.

ಪ್ರೊಪೆಲ್ಲರಿನ ಎರಡು ಅಲಗೂ ಒಂದೇ ತೂಕ ಇರಬೇಕು. ಇಲ್ಲದಿದ್ದರೆ ತಿರುಗುವಾಗ ಇಡೀ ವಿಮಾನ ಜ್ವರ ಬಂದವರಂತೆ ನಡುಗುತ್ತದೆ. ನೋಡುವ ಕ್ರಮ ಸುಲಭ: ನಡುವಿಗೆ ಸರಳು ತೂರಿಸಿ, ಸರಳಿನ ಎರಡು ತುದಿಯನ್ನು ಎರಡು ಉಕ್ಕಿನ ಪಟ್ಟಿಯ ಅಂಚಿನ ಮೇಲೆ ಇಡುವುದು. ಭಾರದ ಅಲಗು ಕೆಳಗೆ ಬರುತ್ತದೆ. ಸಮ ಇದ್ದರೆ ಇಟ್ಟಲ್ಲಿ ನಿಲ್ಲುತ್ತದೆ.

ನಿಲ್ಲಲಿಲ್ಲ ಮಾರಾಯ್ರೆ. ಎಡದ್ದು ಕೆಳಗೆ ಬಂತು, ಎಡಕ್ಕೆ ಉಜ್ಜುಕಾಗದ ಹಾಕಿದೆ. ಮಧ್ಯಾಹ್ನ ಬಲದ್ದು ಬಂತು, ಬಲಕ್ಕೆ ಹಾಕಿದೆ. ಮರುದಿನ ಪುನಃ ಎಡ. ಎರಡು ಬೆಕ್ಕುಗಳಿಗೆ ರೊಟ್ಟಿ ಸಮಪಾಲು ಮಾಡಲು ಹೋದ ಮಂಗನ ಕಥೆ ನಿಮಗೆ ಗೊತ್ತುಂಟಲ್ಲ, ಹಾಗೆಯೇ. ಮಂಗನಿಗೆ ರೊಟ್ಟಿಯಾದರೂ ಸಿಕ್ಕಿತು, ನನ್ನ ಬಾಯಿಗೆ ಬರೇ ಹಲಸಿನ ಹುಡಿ. ಹಲಗೆಯ ಪಸೆ ಆರಿಲ್ಲ ಎಂದೆ, ಉಕ್ಕಿನ ಪಟ್ಟಿ ಸರಿ ಇಲ್ಲ ಎಂದೆ. ಮೇಜಿನ ಸುತ್ತ ನಡೆದೆ. ಒಳಗೊಳಗೇ ಹೆದರಿಕೆ: ಕೈ ಹೋಯಿತೋ ಏನೋ, ಇನ್ನು ಯಾರೂ ಕರೆಯಲಿಕ್ಕಿಲ್ಲ.

ಮೂರು ದಿನ ಮಕ್ಕಳು ಸುಮ್ಮನೆ ನೋಡಿದರು. ಐವನ್ ಕೂಡ. ಗುರುವಿಗೆ ಹೇಗೆ ಹೇಳುವುದು? ನಮ್ಮ ಕಡೆ ಮಾಸ್ತರು ಬೋರ್ಡಿನಲ್ಲಿ ತಪ್ಪು ಬರೆದರೆ ಮಕ್ಕಳೂ ಅದನ್ನೇ ಬರೆದುಕೊಳ್ಳುತ್ತಾರೆ. ಆ ಮರ್ಯಾದೆಯನ್ನು ಕಲಿಸಿದವನೂ ನಾನೇ. ನಾಲ್ಕನೇ ದಿನ ನಾನು ಪುನಃ ಉಜ್ಜುಕಾಗದ ಎತ್ತಿದಾಗ ನಿಶ್ಮಿತಾ ಎಂಬ ಹುಡುಗಿ ಮುಂದೆ ಬಂದಳು. ಎರಡನೇ ವರ್ಷದವಳು, ಹತ್ತು ಮಾತಿಗೆ ಒಂದು ಆಡುವವಳು. ಕೈಯಲ್ಲಿ ಅಳತೆಯ ಕ್ಯಾಲಿಪರ್ ಇತ್ತು. ಅಲಗು ಇನ್ನೊಂದು ಕೂದಲೆಳೆಯಷ್ಟು ತೆಳುವಾದರೂ ತಿರುಗುವಾಗ ತುಂಡಾಗುತ್ತದೆ ಎಂದಳು. ಮತ್ತೆ ನೆಲ ನೋಡಿಕೊಂಡು ಹೇಳಿದಳು:

"ಸರ್, ನೀವು ಬಸ್ಸಿಗೆ ಹೋದ ಮೇಲೆ ಅದು ನಿಲ್ತದೆ."

ನನಗೆ ಅರ್ಥವಾಗಲಿಲ್ಲ. ಅವಳು ಇನ್ನೂ ಸಣ್ಣ ಸ್ವರದಲ್ಲಿ, "ನಿಮ್ಮ ಪಂಚೆಯ ಗಾಳಿ ಸರ್," ಎಂದಳು.

ಯಾರೂ ನಗಲಿಲ್ಲ. ನಕ್ಕಿದ್ದರೆ ಬಚಾವಾಗುತ್ತಿದ್ದೆ. ಗಾಳಿ ಬೇಡವೆಂದು ಫ್ಯಾನು ನಿಲ್ಲಿಸಿದವನು ನಾನು, ಕಿಟಕಿ ಹಾಕಿಸಿದವನೂ ನಾನು. ನಾನು ಎಡದಿಂದ ಬಂದರೆ ಎಡ, ಬಲದಿಂದ ಬಂದರೆ ಬಲ ಎಂದು ಅಲಗನ್ನು ಆಡಿಸುತ್ತಿದ್ದದ್ದು ನನ್ನದೇ ಪಂಚೆ. ಮೊದಲ ದಿನವೇ ಸಮವಾಗಿದ್ದದ್ದನ್ನು ಮೂರು ದಿನ ಉಜ್ಜಿದ್ದೆ. ನಾಚಿಕೆಯಾಯಿತು, ಸಿಟ್ಟೂ ಬಂತು, ಸಿಟ್ಟಿಗೆ ಎರಡು ಹೆಜ್ಜೆ ಹಾಕಿದೆ. ಅಲಗು ಪುನಃ ಕೆಳಗೆ ಬಂತು.

ಐವನ್ ಒಂದು ಸ್ಟೂಲು ತಂದಿಟ್ಟ. ಕೂತೆ. ಪಂಚೆಯನ್ನು ತೊಡೆಯ ಅಡಿಗೆ ಸಿಕ್ಕಿಸಿಕೊಂಡೆ. ನಿಶ್ಮಿತಾ ಪ್ರೊಪೆಲ್ಲರನ್ನು ಅಡ್ಡಕ್ಕೆ ಇಟ್ಟು ಕೈ ಬಿಟ್ಟಳು. ಹತ್ತು ನಿಮಿಷ ನೋಡುವ ಎಂದಳು. ಹತ್ತು ನಿಮಿಷ! ಮೊಣಕಾಲು ತುರಿಸಿತು. ಬಸ್ಸಿನ ಹೊತ್ತು ನೆನಪಾಯಿತು. ಅಪ್ಪ ಗಾದಿಯ ಮೇಲೆ ಹೇಗೆ ಕೂರುತ್ತಿದ್ದರು ಎಂದು ಜ್ಞಾಪಿಸಿಕೊಂಡೆ. ಕಾಲು ಮಡಚಿ, ಅಂಗೈ ಮೊಣಕಾಲ ಮೇಲಿಟ್ಟು, ಗಿರಾಕಿ ಬಂದರೂ ಸರಿ, ಬಾರದಿದ್ದರೂ ಸರಿ. ಹಾಗೆ ಕೂತೆ. ಅಪ್ಪನ ಹಲಗೆಗಳು ಅಲುಗಲಿಲ್ಲ.

ಸಂಜೆ ಮನೆಗೆ ಬಂದಾಗ ಸರೋಜ ಇವತ್ತು ಏನು ಕೆಲಸವಾಯಿತು ಎಂದು ಕೇಳಿದಳು.

"ಹತ್ತು ನಿಮಿಷ ಸುಮ್ಮನೆ ಕೂತೆ," ಎಂದೆ.

ಅವಳು ಹತ್ತಿರ ಬಂದು, ಜ್ವರ ಉಂಟಾ ಎಂದು ನನ್ನ ಹಣೆ ಮುಟ್ಟಿ ನೋಡಿದಳು. ನಾನು ಅಲುಗಲಿಲ್ಲ.