ಹನ್ನೊಂದು ಮರಿಗಳ ಮೇಲಿನ ಸೂರ್ಯ

ಕುಲಗೋಡದ ಆ ಕುರಿ ಸಾಕುವ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ಕಸ್ತೂರಿ. ಬಿ.ಎ. ಆದ ಮೇಲೆ ಗೋಕಾಕದ ಚಿತ್ರಕಲಾ ಶಾಲೆಗೆ ಸೇರಿ ಎರಡು ವರ್ಷವಾಗಿತ್ತು. ದಿನಾಲೂ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದಳು. ಕೈಗೆ ಬಣ್ಣ ಹತ್ತಿದ್ದರೆ ಬಸ್ ಸ್ಟ್ಯಾಂಡಿನ ನಳದಲ್ಲಿ ತಿಕ್ಕಿ ತಿಕ್ಕಿ ತೊಳೆದೇ ಮನೆಗೆ ಬರುವುದು ಅವಳ ರೂಢಿ. ಬಣ್ಣದ ಕೈಯಲ್ಲಿ ಅಣ್ಣ ಯಲ್ಲೇಶನ ಎದುರು ನಿಲ್ಲಲು ಅವಳಿಗೆ ಆಗುತ್ತಿರಲಿಲ್ಲ. ಯಾಕೆಂಬುದು ಅವಳನ್ನೂ ಯಲ್ಲೇಶನನ್ನೂ ಬಿಟ್ಟರೆ ಮತ್ತಾರಿಗೂ ತಿಳಿದಿರಲಿಲ್ಲ.

ಕೊನೆಯ ವರ್ಷದ ಚಿತ್ರಪ್ರದರ್ಶನ ಮೂಡಲಗಿಯಲ್ಲಿ ಎಂದು ಗೊತ್ತಾಯಿತು. ಶಿವಾನಂದ ಮಾಸ್ತರರು ಎಲ್ಲರಿಗೂ ಒಂದೇ ವಿಷಯ ಕೊಟ್ಟರು. ಎಂಟು ವರ್ಷದ ನೀವು ಇಂದು ನಿಮ್ಮೆದುರು ಬಂದು ನಿಂತರೆ ಏನು ಬುದ್ಧಿ ಹೇಳುತ್ತೀರಿ? ಅದನ್ನು ಚಿತ್ರ ಮಾಡಿ, ಕೆಳಗೆ ಒಂದು ಮಾತು ಬರೆಯಬೇಕು.

ಘಟಪ್ರಭಾದ ವಿಶಾಲ ಎಂಬ ಹುಡುಗ ರೈಲಿನ ಕಿಟಕಿ ಬರೆದ. ಹುಕ್ಕೇರಿಯ ಕಾಜಲ್ ಎರಡು ಜಡೆಯ ಹುಡುಗಿಯನ್ನು ಬರೆದು, ‘ಯಾರ ಏನಂದ್ರೂ ಕೂದಲಾ ಕತ್ತರಿಸಿಕೋಬ್ಯಾಡ’ ಎಂದು ಕೆಳಗೆ ಹಾಕಿದಳು. ಕಸ್ತೂರಿ ಬೇವಿನ ಗಿಡದ ಕೆಳಗೆ ಪಾಟಿ ಹಿಡಿದು ಕೂತ ಹುಡುಗಿಯನ್ನು ಬರೆದು, ‘ಹೆದರಬ್ಯಾಡ, ಕನಸ ಕಾಣು’ ಎಂದು ಬರೆದಳು.

ಮಾಸ್ತರರು ಬಹಳ ಹೊತ್ತು ನೋಡಿದರು. “ಇದನ್ನ ಯಾರಿಗಿ ಹೇಳಾಕತ್ತಿ?”

“ನನಗರಿ ಸರ್.”

“ನಿನಗಲ್ಲವ್ವಾ, ಕ್ಯಾಲೆಂಡರಕ್ಕ ಹೇಳಾಕತ್ತಿ. ಈ ಹುಡುಗಿ ಯಾತಕ್ಕ ಹೆದರ್ಯಾಳ, ಅದರ ಚಿತ್ರಾ ತಗಿ.”

“ಬಾಜೂಕ ಅಮಾಸಿ ಹುಣ್ಣಿವಿ ಬರದು ಕೊಡ್ಲೇನ ಕಸ್ತೂರಿ? ಹೊಳ್ಳಿ ಬಣ್ಣ ಹಚ್ಚೂದು ತಪ್ಪತೈತಿ,” ಎಂದು ಕಾಜಲ್ ಕೆಣಕಿದಳು. ಕಸ್ತೂರಿ ನಗಲಿಲ್ಲ. ಆ ಹುಡುಗಿ ಯಾತಕ್ಕೆ ಹೆದರಿದ್ದಳೆಂಬುದು ಅವಳಿಗೆ ನಿನ್ನೆ ಆದಂತೆ ನೆನಪಿತ್ತು.

ಹದಿನಾಲ್ಕು ವರ್ಷದ ಹಿಂದಿನ ಮಾತು. ಅಪ್ಪ ಸಿದ್ರಾಯ ಕಾಲು ಮುರಿದುಕೊಂಡು ಮಲಗಿದ್ದ. ಆ ವರ್ಷ ತಮ್ಮ ಮರಿಗಳನ್ನು ಮೇಯಿಸಲು ಊರಿನ ಇನ್ನೊಬ್ಬ ಕುರಿಗಾರ ಅಣ್ಣಾಸಾಹೇಬನ ಹಿಂಡಿನ ಜೊತೆ ಹುಕ್ಕೇರಿ ಕಡೆಗೆ ಕಳಿಸಬೇಕಾಯಿತು. ಎರಡು ಮನೆಯ ಕುರಿ ಕೂಡುವ ಮೊದಲು ಬೆನ್ನಿಗೆ ಹುರಮಂಜಿನ ಕೆಂಪು ಗುರುತು ಹಾಕುತ್ತಾರೆ. ಸಿದ್ರಾಯನ ಮನೆಯದು ಎರಡು ಗೀಟು, ಅಣ್ಣಾಸಾಹೇಬನದು ಒಂದು ಸುತ್ತು. ಹಿಂಡು ಒಡೆಯುವ ದಿನ ಗುರುತು ಹೇಳಿದ್ದೇ ಕೊನೆಯ ಮಾತು. ಅದರ ಮೇಲೆ ಯಾರೂ ಮಾತು ಬೆಳೆಸುವಂತಿಲ್ಲ.

ಗುರುತು ಹಾಕುವ ಕೆಲಸ ಯಲ್ಲೇಶನದಾಗಿತ್ತು. ಅವನು ಏಳನೇ ಇಯತ್ತೆಯಲ್ಲಿದ್ದ, ಲೆಕ್ಕದಲ್ಲಿ ಶಾಲೆಗೇ ಮುಂದು. ಮರುದಿನ ಪರೀಕ್ಷೆ ಇದ್ದುದರಿಂದ ಡಬ್ಬಿಯನ್ನು ತಂಗಿಯ ಕೈಗೆ ಕೊಟ್ಟು, “ಎರಡ ಗೀಟ, ಅಷ್ಟ,” ಎಂದು ಹೇಳಿ ಓದಲು ಕೂತ. ಕಸ್ತೂರಿ ಸುಮಾರು ಮರಿಗಳಿಗೆ ಹೇಳಿದಂತೆಯೇ ಹಾಕಿದಳು. ಆಮೇಲೆ ಅವಳಿಗೆ ಗೀಟು ಬೇಸರವಾದವು. ಉಳಿದ ಹನ್ನೊಂದು ಬಿಳಿ ಮರಿಗಳ ಬೆನ್ನಿನ ಮೇಲೆ ದುಂಡಗೆ ಸೂರ್ಯನನ್ನು ಬರೆದು, ಸುತ್ತಲೂ ತೆಳ್ಳಗೆ ಕಿರಣ ಎಳೆದಳು.

ನಾಲ್ಕು ತಿಂಗಳ ಮಳೆಗೂ ಹಿಂಡಿನ ತಿಕ್ಕಾಟಕ್ಕೂ ಕಿರಣಗಳು ಅಳಿಸಿಹೋದವು, ಸುತ್ತು ಉಳಿಯಿತು. ಹಿಂಡು ಒಡೆದಾಗ ಆ ಹನ್ನೊಂದೂ ಅಣ್ಣಾಸಾಹೇಬನ ಪಾಲಿಗೆ ನಿಂತವು. ಹಾದಿಯಲ್ಲಿ ಬೇನೆ ಬಿದ್ದು ಕೆಲವು ಮರಿ ಸತ್ತಿದ್ದರಿಂದ ಎಣಿಕೆ ಸಾಕ್ಷಿಯಾಗಲಿಲ್ಲ. ಆದರೆ ಮೂತಿಗೆ ಕರಿ ಮಚ್ಚೆಯಿದ್ದ ಒಂದು ಮರಿಯ ಗುರುತು ಸಿದ್ರಾಯನಿಗೆ ಹತ್ತಿತು. ಕೋಲೂರಿ ನಿಂತು ಹಿರಿಯರ ಮುಂದೆಯೇ ಅಣ್ಣಾಸಾಹೇಬನನ್ನು ಕಳ್ಳ ಎಂದ. ಗುರುತು ಹಾಕಿದವನನ್ನು ಕರೆಸಿರಿ ಎಂದರು ಹಿರಿಯರು. ಯಲ್ಲೇಶ ಬಂದು ಬಗ್ಗಿ ನೋಡಿದ. ಸುತ್ತಿನ ಅಂಚಿಗೆ ಒಂದೆರಡು ಕಿರಣದ ಮೊಂಡು ಇನ್ನೂ ಉಳಿದಿದ್ದವು. ತಂಗಿ ಜನರ ಹಿಂದೆ ನಿಂತಿದ್ದಳು.

“ನಾನ ತಪ್ಪಿ ಹಾಕೇನ್ರಿ,” ಎಂದ.

ಮರಿಗಳು ಅಣ್ಣಾಸಾಹೇಬನಿಗೇ ಹೋದವು, ಕಳ್ಳ ಎಂದದ್ದಕ್ಕೆ ಸಿದ್ರಾಯ ಎಲ್ಲರೆದುರು ಅವನ ಕಾಲು ಮುಟ್ಟಬೇಕಾಯಿತು. ಮನೆಗೆ ಬಂದು ಮಗನನ್ನು ಬಾರುಕೋಲಿನಿಂದ ಬಡಿದ. “ಎರಡ ಗೀಟ ಹಾಕಾಕ ಬರದವಗ ಸಾಲಿ ಯಾತಕ್ಕ,” ಎಂದು ಪಾಟಿಚೀಲ ಕಸಿದುಕೊಂಡು, ಮರುವಾರದಿಂದ ಕುರಿ ಹಿಂದೆ ಕಳಿಸಿದ. ಕಸ್ತೂರಿ ಅಂದೂ ಬಾಯಿ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ.

ಮಾಸ್ತರರು ಹಾಗೆಂದ ಮೇಲೆ ಬಂದ ರವಿವಾರ ಅವಳು ಮೇಲವಂಕಿ ಕಡೆಗೆ ಹೋದಳು. ಕಬ್ಬು ಕಡಿದ ಹೊಲದಲ್ಲಿ ಯಲ್ಲೇಶ ಕುರಿ ಬಿಟ್ಟಿದ್ದ.

“ಅಣ್ಣಾ, ಅಪ್ಪಗ ಹೇಳಬೇಕಂತ ಮಾಡೇನಿ. ಆ ಮರಿ ಮಾತು.”

ಯಲ್ಲೇಶ ಕುರಿಗಳ ಕಡೆಗೇ ನೋಡುತ್ತಿದ್ದ. “ಈಗ ಹೇಳಿದ್ರ ನನ್ನ ಎಂಟನೇ ಇಯತ್ತೆಕ ಕೂಡಸ್ತಾರನು? ಹುಡುಗೂರ ನನಗ ಮಾಸ್ತರ ಅಂತ ತಿಳದು ಎದ್ದ ನಿಂದರತಾವು.”

“ನಾ ಅದನ್ನ ಚಿತ್ರಾ ಮಾಡಾಕತ್ತೇನಿ. ಮೊದಲ ಮನ್ಯಾಗ ಹೇಳದ ಊರಿಗೆಲ್ಲಾ ತೋರ್ಸಾಕ ಆಗೂದಿಲ್ಲ.”

“ಅಪ್ಪಗ ವಯಸ್ಸಾಗೇತಿ. ನನ್ನ ಬಡದದ್ದು ಅಂವ ಮರತಾನ. ನೆನಪ ಮಾಡಿ ಕೊಟ್ರ ಈಗ ಅವಗ ಬೀಳತಾವು ಆ ಏಟು.” ಹಿಂದುಳಿದ ಕುರಿಯೊಂದನ್ನು ಹಿಂಡಿನ ಕಡೆಗೆ ದೂಡಿ ಹೇಳಿದ, “ನಿನ್ನ ಇಚ್ಛಾ. ನಾ ಹೇಳಂತೂ ಅನ್ನೂದಿಲ್ಲ, ಬ್ಯಾಡಂತೂ ಅನ್ನೂದಿಲ್ಲ.”

ಅಂದೇ ಸಂಜೆ ಅವಳು ಹೇಳಿದಳು. ಅಪ್ಪ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ. ಅಜ್ಜಿ ಶೆಟ್ಟೆವ್ವ ಗೋಡೆಗೆ ಒರಗಿದ್ದಳು. ಕಸ್ತೂರಿ ಡಬ್ಬಿಯಿಂದ ಹಿಡಿದು ಕಿರಣದವರೆಗೆ ಒಂದೂ ಬಿಡದೆ ಹೇಳಿದಳು. ಸಿದ್ರಾಯನ ಕೈ ನಿಂತಿತು.

“ಅಂವ ಯಾಕ ಹೇಳಲಿಲ್ಲ?”

“ಹೇಳಿದ್ರ ಇಕಿನ್ನೂ ಬಡೀತಿದ್ದಿ,” ಎಂದಳು ಶೆಟ್ಟೆವ್ವ. “ನಿನ್ನ ಕೈ ನಿನಗ ಗೊತ್ತಿಲ್ಲೇನ, ನನಗ ಗೊತ್ತೈತಿ.”

ಬೆಳಗಾದ ಮೇಲೆ ಸಿದ್ರಾಯ, “ನೀ ಮನ್ಯಾಗ ಇರು,” ಎಂದು ಯಲ್ಲೇಶನ ಕೈಯಿಂದ ಕೋಲು ತೆಗೆದುಕೊಂಡು, ಕುಂಟುತ್ತ ತಾನೇ ಕುರಿ ಹೊಡೆದುಕೊಂಡು ಹೋದ. ಹೀಗೆ ನಾಲ್ಕು ದಿನ. ಮನೆಯಲ್ಲಿ ಕೂತು ಗೊತ್ತಿಲ್ಲದ ಯಲ್ಲೇಶ ಕುರಿದಡ್ಡಿಯ ಬೇಲಿ ಕಟ್ಟಿದ, ಕಟ್ಟಿದ್ದನ್ನೇ ಬಿಚ್ಚಿ ಕಟ್ಟಿದ. ಐದನೆಯ ದಿನ ಬಾಗಿಲಲ್ಲಿ ಅಡ್ಡ ನಿಂತು, “ಅಪ್ಪಾ, ನಿನ್ನ ಕಾಲ ಬಾತಾವ. ಕೊಡಿಲ್ಲೆ,” ಎಂದ. ಸಿದ್ರಾಯ ಕೋಲು ಕೊಟ್ಟ. ಕೊಟ್ಟ ಮೇಲೂ ಸ್ವಲ್ಪ ಹೊತ್ತು ಮಗನ ಮುಂಗೈ ಹಿಡಿದೇ ನಿಂತಿದ್ದ. ತಂದೆ ಮಗನ ನಡುವೆ ಆದದ್ದು ಇಷ್ಟೇ.

ಶೆಟ್ಟೆವ್ವ ಕೊಟ್ಟ ಬಿಳಿ ಉಣ್ಣೆಯ ಹಳೆಯ ಕಂಬಳಿಯ ಮೇಲೆ ಕಸ್ತೂರಿ ಹುರಮಂಜಿನಿಂದಲೇ ಚಿತ್ರ ಮಾಡಿದಳು. ಸಾಲಾಗಿ ಹನ್ನೊಂದು ಮರಿ. ಮೊದಲ ಮರಿಯ ಬೆನ್ನಿನ ಮೇಲೆ ತುಂಬು ಕಿರಣದ ಸೂರ್ಯ. ಮುಂದೆ ಮುಂದೆ ಕಿರಣಗಳು ಕಡಿಮೆಯಾಗುತ್ತ, ಕೊನೆಯ ಮರಿಯ ಮೇಲೆ ಬರಿಯ ಸುತ್ತು. ಈ ಸಲ ಶಿವಾನಂದ ಮಾಸ್ತರರು ಪ್ರದರ್ಶನದಲ್ಲಿ ಬಾಗಿಲಿನ ಎದುರಿನ ಗೋಡೆಯನ್ನು ಅವಳಿಗೆ ಬಿಟ್ಟುಕೊಟ್ಟರು.

ಪ್ರದರ್ಶನದ ಎರಡನೆಯ ದಿನ ಮಧ್ಯಾಹ್ನ ಯಲ್ಲೇಶ ಒಬ್ಬನೇ ಮೂಡಲಗಿಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಕಂಬಳಿಯ ಮುಂದೆ ಹೋಗಿ ನಿಂತ. ಮರಿಗಳನ್ನು ಒಂದೊಂದಾಗಿ ನೋಡಿ ಕೆಳಗಿನ ಬರಹಕ್ಕೆ ಬಂದ. ತುಟಿ ಅಲ್ಲಾಡಿಸುತ್ತ, ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಓದಿದ. “ಇ...ವತ್ತ... ಹೇಳು. ಅಪ್ಪ ಬಡದ್ರ... ಸಂ...ಜೀತನಕ... ನೋವು.” ಹಿಂದೊಮ್ಮೆ ಇಡೀ ಪಾಠವನ್ನು ಒಂದೇ ಉಸಿರಿಗೆ ಓದುತ್ತಿದ್ದ ಹುಡುಗ ಅವನು. ಕಸ್ತೂರಿ ನಡುವೆ ಬಾಯಿ ಹಾಕಿ ಓದಿ ಹೇಳಲಿಲ್ಲ. ಅವನು ಮುಗಿಸುವವರೆಗೆ ಪಕ್ಕದಲ್ಲಿ ನಿಂತಳು.

“ಸಂಜೀತನಕ ಅಲ್ಲ,” ಎಂದ ಯಲ್ಲೇಶ. “ಎಂಟ ದಿನಾ ಇತ್ತು. ಖರೆ ಬರೀತೀನಂದ್ರ ಪೂರಾ ಖರೆ ಬರಿ.”

ಕಸ್ತೂರಿ ವಿಶಾಲನ ಕುಂಚ ತೆಗೆದುಕೊಂಡು, ಜನ ನೋಡುತ್ತಿದ್ದಂತೆಯೇ ‘ಸಂಜೀತನಕ’ ಎಂಬುದನ್ನು ಹೊಡೆದು ಹಾಕಿದಳು. ಅದರ ಮೇಲೆ ‘ಎಂಟು ದಿನ’ ಎಂದು ದಪ್ಪ ಅಕ್ಷರದಲ್ಲಿ, ಅಣ್ಣನಿಗೆ ಓದಲು ಸುಲಭವಾಗುವಂತೆ ಬಿಡಿಬಿಡಿಯಾಗಿ ಬರೆದಳು.