ವಿನೋದಿನಿ ಶೆಟ್ಟಿಯವರ ‘ಬೇಡ’

ಮುಂಬಯಿಯ ಪಶ್ಚಿಮ ರೈಲ್ವೆಯ ಆಸುಪಾಸಿನಲ್ಲಿ ಗಟ್ಟಿ ವಸ್ತುಗಳಿಗೇನೂ ಬರವಿಲ್ಲ. ಆದರೆ ಜೋಗೇಶ್ವರಿಯ ವಿನೋದಿನಿ ಶೆಟ್ಟಿಯವರ ‘ಬೇಡ’ಕ್ಕೆ ಸಮನಾದದ್ದು ಇನ್ನೊಂದಿಲ್ಲ. ಇಲ್ಲವೆನ್ನಬೇಕಾದರೆ ಉಳಿದ ಮುಂಬಯಿಯವರು ‘ನೋಡುವಾ’ ಎನ್ನುತ್ತಾರೆ, ಮಗುವಿಗೆ ಜ್ವರ ಬರಿಸುತ್ತಾರೆ, ಊರಿನಲ್ಲಿರುವ ಅಜ್ಜಿಯನ್ನು ಮತ್ತೊಮ್ಮೆ ಸಾಯಿಸುತ್ತಾರೆ. ವಿನೋದಿನಿ ‘ಬೇಡ’ ಎನ್ನುತ್ತಾರೆ, ಕಾರಣ ಕೊಡುವುದಿಲ್ಲ. ಆ ಶಬ್ದ ಕೇಳಿ ಇನ್ಶೂರೆನ್ಸ್ ಏಜೆಂಟರು ಮೆಟ್ಟಿಲಿನಲ್ಲೇ ವೈರಾಗ್ಯ ತಾಳಿದ್ದಾರೆ. ಮದುವೆಯ ಆಸೆ ಹೊತ್ತು ಬಂದ ಹೋಟೆಲ್ ಮಾಲಕರು, ಅದೂ ಸ್ವಂತ ಜಾತಿಯವರೇ, ಅರ್ಧ ಚಹಾ ಬಿಟ್ಟು ಇಳಿದು ಹೋಗಿದ್ದಾರೆ.

ನಲವತ್ತು ದಾಟಿದ, ಗಂಡನನ್ನು ಬಿಟ್ಟ ಈ ವೀರವನಿತೆ ಹಗಲು ವಡಾಲದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಾರೆ. ಸಂಜೆ ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ. ಎರಡನೇ ಮಹಡಿಯಲ್ಲಿ ಬಾಡಿಗೆಗಿರುವವರು ಕಾಶಪ್ಪ, ಕಲಬುರಗಿ ಕಡೆಯ ದಲಿತ, ಹೆಂಡತಿ ತೀರಿಕೊಂಡ ಲಿಫ್ಟ್ ಮೆಕ್ಯಾನಿಕ್. ಅಡ್ಡಹೆಸರು ಹೇಳಿದೊಡನೆ ಖಾಲಿ ಮನೆಗಳೆಲ್ಲ ಫಕ್ಕನೆ ಭರ್ತಿಯಾಗುವ ಪವಾಡವನ್ನು ಅವರು ಬೊರಿವಲಿಯಲ್ಲಿ ಕಣ್ಣಾರೆ ಕಂಡವರು.

ಒಂದು ಗುರುವಾರ ಕಾಶಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆವರುತ್ತ ಬಂದು ವಿನೋದಿನಿಯವರನ್ನು ಕೇಳಿಯೇಬಿಟ್ಟರು.

“ನಾನೂ ಒಬ್ಬಂವ, ನೀವೂ ಒಬ್ಬರು. ಶನಿವಾರ ರಾತ್ರಿ ನಮ್ಮ ಮನಿಯಾಗ ಉಳೀತೀರೇನ್ರಿ?”

“ಬೇಡ.”

ಕಾಶಪ್ಪನವರ ನಿದ್ದೆ ಹಾರಿತು. ಇದೂ ಬೊರಿವಲಿಯ ಬಾಗಿಲೇ ಏನು? ಸಾಲದ್ದಕ್ಕೆ, ಅವರ ಬಾಡಿಗೆ ಕರಾರು ಮುಂದುವರಿಸುವುದೋ ಬಿಡುವುದೋ ಎಂಬ ತೀರ್ಮಾನ ಆ ಭಾನುವಾರದ ಸೊಸೈಟಿ ಮೀಟಿಂಗಿನಲ್ಲೇ ಆಗಬೇಕಿತ್ತು.

ಮೀಟಿಂಗಿನಲ್ಲಿ ಮೊದಲ ಮಹಡಿಯ ಹಿತೇಶ್ ಗಂಟಲು ಸರಿಮಾಡಿಕೊಂಡರು. “ಇನ್ನು ಮೇಲೆ ನಮ್ಮ ಟೈಪಿನ ಫ್ಯಾಮಿಲಿಗೇ ಮನೆ ಕೊಡುವಾ ಅಂತ.”

ವಿನೋದಿನಿ ಕನ್ನಡಕ ತೆಗೆದರು. ಮಹಾಯುದ್ಧಕ್ಕೆ ಬೇರೆ ಶಂಖ ಬೇಕಿಲ್ಲ.

“ಟೈಪ್ ಅಂದ್ರೆ ಎಂಥದ್ದು? ಜಾತಿ ಅಂತ ಬಾಯಿಬಿಟ್ಟು ಹೇಳಿ ಮಾರಾಯ್ರೆ, ಮಿನಿಟ್ಸಿನಲ್ಲಿ ನಿಮ್ಮ ಹೆಸರು ಹಾಕಿಯೇ ಬರೆಯುತ್ತೇನೆ.”

ಹಿತೇಶರಿಗೆ ದಿಢೀರನೆ ಕೆಮ್ಮು ಹತ್ತಿತು. ಕರಾರು ಮುಂದುವರಿಯಿತು.

ಮೆಟ್ಟಿಲಿನಲ್ಲಿ ಕಾಶಪ್ಪ ಕೈಮುಗಿದು ನಿಂತರು. “ಮನಿ ಉಳಿಸಿದ್ರಿ. ಜೀವ ಇರೂತನಕ ಮರಿಯೂದಿಲ್ರಿ. ಆದ್ರ ಒಂದು ಮಾತು... ಗುರುವಾರ ಬ್ಯಾಡ ಅಂದದ್ದು ಜಾತಿಗೇನ್ರಿ?”

ಕಾರಣ ಕೊಡದ ವಿನೋದಿನಿ ಅಂದು ಕೊಟ್ಟರು.

“ನಾನೂ ನನ್ನನ್ನೇ ಕೇಳಿಕೊಂಡೆ. ಅಲ್ಲ. ಹೌದಾಗಿದ್ದರೆ ನನಗೆ ನಾಚಿಕೆಯಾಗಬೇಕಿತ್ತು. ಆದರೂ ನಿಮ್ಮಲ್ಲಿಗೆ ಬರುತ್ತಿರಲಿಲ್ಲ. ಮನೆ ಎಲ್ಲರಿಗೂ ಸಿಗಬೇಕು. ನಾನು ಎಲ್ಲರಿಗೂ ಸಿಗಬೇಕು ಅಂತಿಲ್ಲ.”

ಕಾಶಪ್ಪನವರ ಮುಖ ಅರಳಿತು. ಅಡ್ಡಹೆಸರಿನ ಸಹಾಯವಿಲ್ಲದೆ, ಕೇವಲ ಸ್ವಂತ ಯೋಗ್ಯತೆಯಿಂದ ತಿರಸ್ಕೃತರಾದದ್ದು ಅವರ ಬದುಕಿನಲ್ಲಿ ಅದೇ ಮೊದಲು! ಕಣ್ಣಲ್ಲಿ ನೀರು ತುಂಬಿ ಬಂತು.

“ನೀವು ದೇವತಿ ಇದ್ದಂಗ ರೀ!”

“ದೇವತೆಯೂ ಇಲ್ಲ, ಎಂಥದ್ದೂ ಇಲ್ಲ. ನೀವು ಒಳ್ಳೆ ಬಾಡಿಗೆದಾರರು, ಇರಿ. ಗಂಡಸಾಗಿ ನನಗೆ ಹಿಡಿಸಲಿಲ್ಲ, ಅಷ್ಟೇ.”