ಪೋಡಿನ ಮೌನಕ್ಕೆ ಹಾಕಿದ ಟಿಕ್ ಗುರುತು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಬಿಳಿಗಿರಿರಂಗನ ಬೆಟ್ಟದ ಯಳಂದೂರು ಕಡೆಯ ಕಾಡಿಗೆ ಫಾರೆಸ್ಟರ್ ಆಗಿದ್ದೆ. ಹವಾಮಾನ ಬದಲಾವಣೆಯ ಕೆಲಸ ಮಾಡುವ ಅಂತಾರಾಷ್ಟ್ರೀಯ ಸಂಸ್ಥೆಯೊಂದರಿಂದ ಶಾಲಿನಿ ಎಂಬ ಅಧಿಕಾರಿ ಬಂದರು. ಅವರದು ಕಾರ್ಬನ್ ಕ್ರೆಡಿಟ್ ಯೋಜನೆ. ಕಾಡು ಹೀರಿಕೊಳ್ಳುವ ಇಂಗಾಲಕ್ಕೆ ಹೊರದೇಶದ ಕಂಪನಿಗಳು ಹಣ ಕೊಡುತ್ತವೆ. ಬದಲಿಗೆ ಕಾಡಿನ ಒಂದು ಭಾಗದಲ್ಲಿ ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ಜೇನು, ನೆಲ್ಲಿಕಾಯಿ ತೆಗೆಯುವಂತಿಲ್ಲ. ಅದಕ್ಕೆ ಪೋಡಿನ, ಅಂದರೆ ಕಾಡೊಳಗಿನ ಅವರ ಊರಿನ, ಒಪ್ಪಿಗೆ ಬೇಕಿತ್ತು.

ನಿಜ ಹೇಳುತ್ತೇನೆ, ಆಕೆಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಮೂರೇ ದಿನದಲ್ಲಿ ಹೆಂಗಸರು ಆಕೆಯನ್ನು ಅಕ್ಕ ಎಂದು ಕರೆದರು. ಕೇತಮ್ಮಜ್ಜಿ ಮುತ್ತುಗದ ಎಲೆಯಲ್ಲಿ ಜೇನುಹುಟ್ಟಿನ ತುಂಡು ಇಟ್ಟು ಕೊಟ್ಟಳು. ವರ್ಷಗಟ್ಟಲೆ ಆ ದಾರಿ ಸವೆಸಿದ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು, ಅಷ್ಟೇ.

ಸಭೆಯಲ್ಲಿ ಶಾಲಿನಿ ಎಲ್ಲವನ್ನೂ ವಿವರಿಸಿ, "ಯಾರಿಗಾದರೂ ಆಕ್ಷೇಪ ಇದೆಯಾ?" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಪೋಡಿನ ಯಜಮಾನರು ನೆಲ ನೋಡುತ್ತ ಎಲೆ ಅಡಿಕೆ ಮಡಿಸಿದರು. ಆಕೆ ಫಾರಂನಲ್ಲಿ ಒಪ್ಪಿಗೆಯ ಮುಂದೆ ಟಿಕ್ ಹಾಕಿಕೊಂಡರು. ಆ ಪೋಡಿನವರು ಮನೆಗೆ ಬಂದವರ ಮುಖಕ್ಕೆ ಬೇಡ ಅನ್ನುವುದಿಲ್ಲ, ಸುಮ್ಮನಾಗುತ್ತಾರೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ತುಟಿ ಬಿಚ್ಚಲಿಲ್ಲ. ಶಾಲಿನಿಯೂ ಒಮ್ಮೆ ಮುಗ್ಗರಿಸಲಿ ಎಂದು ಒಳಗೊಳಗೇ ಹಿಗ್ಗಿದೆ.

ಮರುದಿನ ಕೇತಮ್ಮಜ್ಜಿ ನನ್ನನ್ನು ಹುಡುಕಿಕೊಂಡು ಆಫೀಸಿಗೆ ಬಂದಳು.

"ಆಯಮ್ಮನ್ನ ಕಳ್ಸಿರೋರು ಯಾರು ಸಾ? ನಾವೇನ್ ಅವ್ರಿಗೆ ಓಟು ಆಕಿದ್ವಾ?"

"ಇಲ್ಲ."

"ಓಗ್ಲಿ ಬುಡಿ, ಆಯಮ್ಮ ಒಸಬ್ರು. ನಿಮ್ಗೆ ಗೊತ್ತಿತ್ತಲ್ಲ ಸಾ, ನೀವ್ಯಾಕೆ ಸುಮ್ಕಿದ್ರಿ?"

ಶಾಲಿನಿ ಕೊಳ್ಳೇಗಾಲದ ಲಾಡ್ಜಿನಲ್ಲಿ ವರದಿ ಬರೆಯುತ್ತಿದ್ದರು. ಅಂದೇ ಬಸ್ಸು ಹತ್ತಿ ಹೋಗಿ ಎಲ್ಲ ಹೇಳಿದೆ, ನನ್ನ ಹೊಟ್ಟೆಕಿಚ್ಚೊಂದನ್ನು ಬಿಟ್ಟು. ಆಕೆ ಲ್ಯಾಪ್‌ಟಾಪ್ ಮುಚ್ಚಿ, "ನಾಳೆ ಮತ್ತೆ ಹೋಗೋಣ" ಎಂದರು.

ಪೋಡಿನಲ್ಲಿ ಆಕೆ ಎಲ್ಲರೆದುರು, "ನಾನು ತಪ್ಪಾಗಿ ಬರ್ಕೊಂಡೆ. ನಿಮ್ಮೊಳಗೇ ಮಾತಾಡಿಕೊಂಡು ಹೇಳಿ ಕಳಿಸಿ" ಎಂದು ದೂರ ಹೋಗಿ ಕುಳಿತರು. ಬಹಳ ಹೊತ್ತಾದ ಮೇಲೆ ಯಜಮಾನರು ಬಂದರು. "ಬ್ಯಾಡ ಕಣವ್ವ. ಜೇನು ಬುಟ್ಟು ನಾವೆಂಗೆ ಬದ್ಕಾದು?" ಆಕೆ ಅದನ್ನೇ ಬರೆದು, ಓದಿ ಹೇಳಿದರು. ಆ ಭಾಗ ಯೋಜನೆಯಿಂದ ಹೊರಗುಳಿಯಿತು.

ಯಾರೂ ಆರಿಸದ ಇಂಥ ಸಂಸ್ಥೆಗಳಿಗೆ ನಮ್ಮನ್ನು ಕೇಳುವ ಹಕ್ಕೆಲ್ಲಿಯದು ಎಂದು ಈಗಲೂ ಜನ ವಾದ ಮಾಡುತ್ತಾರೆ. ಬೇಡ ಎಂಬ ಉತ್ತರ ಹೊತ್ತುಕೊಂಡು ವಾಪಸ್ ಹೋಗಲು ತಯಾರಿದ್ದರೆ ಮಾತ್ರ ಆ ಹಕ್ಕು ಸಿಗುತ್ತದೆ ಎಂದು ನಾನು ಅಂದು ಕಲಿತೆ. ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ. ಆಕೆ ಎರಡೇ ದಿನಕ್ಕೆ ತಿರುಗಿ ಹೋಗಿ ಕೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದೇ ಪೋಡಿನ ಮೌನವನ್ನು ಒಪ್ಪಿಗೆ ಎಂದು ಬರೆದುಕೊಂಡು ನಾನು ಆನೆ ದಾಟದಂತೆ ಆಳದ ಟ್ರೆಂಚು ತೋಡಿಸಿದ್ದೆ. ಹೆಂಗಸರು ಇಂದಿಗೂ ಅದನ್ನು ಸುತ್ತಿಕೊಂಡೇ ನೀರಿಗೆ ಹೋಗುತ್ತಾರೆ.